ಒಗ್ಗರಣಿ ಸಾಸಿವಿ ಕ್ಯಾನ್ಸರ್ ತಡೀತದೇನ್ರಿ? ತರಕಾರಿಯ ಆಂಟಿಆಕ್ಸಿಡೆಂಟ್ ಚರ್ಚೆ

ತೋಟಗಾರ_ಬಾಗಲಕೋಟೆ

“ಈ ಏಳು ತರಕಾರಿ ತಿಂದವರಿಗೆ ಕ್ಯಾನ್ಸರ್ ಬರುವುದೇ ಇಲ್ಲ” ಎಂಬ ಸಂದೇಶ ನಮ್ಮ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ತಿರುಗುತ್ತಿದೆ. ಓದಿದವರು ಅರ್ಧ ಜನ ನಂಬುತ್ತಾರೆ, ಅರ್ಧ ಜನ ನಗುತ್ತಾರೆ. ನಗುವವರಿಗೆ ನನ್ನ ತಕರಾರು.

ಕ್ಯಾನ್ಸರ್ ತಡೆಯಬಹುದೇ ಎಂದು ವಿಜ್ಞಾನಿಗಳು ಪರೀಕ್ಷಿಸುವ ಸಲ್ಫೊರಾಫೇನ್ ಎಂಬ ಸಂಯುಕ್ತವನ್ನು ಬ್ರೊಕೊಲಿಯಿಂದ 1992ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಪಾಲ್ ತಲಾಲೆ ಅವರ ತಂಡ ಬೇರ್ಪಡಿಸಿತು. ಗಿಡದಲ್ಲಿ ಅದು ಸಿದ್ಧವಾಗಿ ಕೂತಿರುವುದಿಲ್ಲ. ಗ್ಲುಕೊರಾಫಾನಿನ್ ಎಂಬ ಅದರ ಮೂಲವಸ್ತು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಹೆಚ್ಚಿದಾಗ, ಅಗಿದಾಗ ಎರಡೂ ಕೂಡಿ ಸಲ್ಫೊರಾಫೇನ್ ಹುಟ್ಟುತ್ತದೆ. ಮೂರು ದಿನದ ಮೊಳಕೆಯಲ್ಲಿ ಗ್ಲುಕೊರಾಫಾನಿನ್ ಬಲಿತ ಬ್ರೊಕೊಲಿಗಿಂತ 10ರಿಂದ 100 ಪಟ್ಟು ಹೆಚ್ಚು ಎಂದು 1997ರಲ್ಲಿ ಅದೇ ತಂಡ ತೋರಿಸಿತು.

ಬಳ್ಳೊಳ್ಳಿಯದೂ ಇದೇ ಕಥೆ: ಅಲಿಯಿನ್ ಎಂಬ ಮೂಲವಸ್ತು ಮತ್ತು ಅಲಿಯಿನೇಸ್ ಎಂಬ ಕಿಣ್ವ ಕೂಡಿದರೆ ಅಲಿಸಿನ್. ಇಡೀ ಎಸಳನ್ನು ಬಿಸಿಗೆ ಹಾಕಿದರೆ ಕಿಣ್ವ ಸಾಯುತ್ತದೆ. ಜಜ್ಜಿ 10 ನಿಮಿಷ ಬಿಟ್ಟು ಆಮೇಲೆ ಒಲೆಗೆ ಹಾಕಿ. ಟೊಮ್ಯಾಟೊ ಮಾತ್ರ ಉಲ್ಟಾ: ಎಣ್ಣೆಯಲ್ಲಿ ಬೆಂದರೇ ಅದರ ಕೆಂಪು ಬಣ್ಣದ ಲೈಕೊಪೀನನ್ನು ದೇಹ ಚೆನ್ನಾಗಿ ಹೀರುತ್ತದೆ. ಉಳ್ಳಾಗಡ್ಡಿಯ ಕ್ವೆರ್ಸೆಟಿನ್ ಎಂಬ ಆಂಟಿಆಕ್ಸಿಡೆಂಟ್ ಹೊರಪದರಗಳಲ್ಲೇ ಹೆಚ್ಚು. ಸಿಪ್ಪೆಯ ಜೊತೆ ಮೊದಲ ದಪ್ಪ ಪದರವನ್ನೂ ಸುಲಿದು ಎಸೆಯುವವರು ಒಳ್ಳೆಯ ಭಾಗವನ್ನೇ ತಿಪ್ಪೆಗೆ ಹಾಕುತ್ತಾರೆ. ತೆಲಗಿ ಕೆಂಪಿನಂಥ ಕೆಂಪು ತಳಿಗಳು ಬಿಳಿ ತಳಿಗಳಿಗಿಂತ ಮೇಲು. ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯುವ ಡಿಪಿಪಿಎಚ್ ಪರೀಕ್ಷೆಯಲ್ಲಿ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಪಿಪೆಟ್_ವಿಜಯಪುರ

“ಡಿಪಿಪಿಎಚ್ ಪರೀಕ್ಷೆಯಲ್ಲಿ ಕಣ್ಣಿಗೇ ಕಾಣುತ್ತದೆ.” ಸರಿ, ಏನು ಕಾಣುತ್ತದೆ? ಮೆಥನಾಲಿನಲ್ಲಿ ಕರಗಿಸಿದ ನೇರಳೆ ದ್ರಾವಣ ಹಳದಿಗೆ ತಿರುಗುತ್ತದೆ, 517 ನ್ಯಾನೊಮೀಟರಿನಲ್ಲಿ ಹೀರಿಕೆ ಇಳಿಯುತ್ತದೆ. ಅಲ್ಲಿ ಕರುಳಿಲ್ಲ, ಯಕೃತ್ತಿಲ್ಲ, ರಕ್ತವೂ ಇಲ್ಲ. ನಮ್ಮ ಕಾಲೇಜುಗಳ ಪ್ರಾಜೆಕ್ಟ್ ವರದಿಗಳಲ್ಲಿ ಅರ್ಧಕ್ಕರ್ಧ ಇದೇ ಪರೀಕ್ಷೆ, ಯಾಕೆಂದರೆ ಅಗ್ಗ. ಪ್ರತಿ ವರದಿಯ ಕೊನೆಗೂ “ಕ್ಯಾನ್ಸರ್ ನಿರೋಧಕ ಸಾಮರ್ಥ್ಯ ಹೊಂದಿದೆ” ಎಂಬ ಸಾಲು ಬಿಟ್ಟಿ ಬರುತ್ತದೆ.

ಇದೇ ಜಾತಿಯ ಒರಾಕ್ ಎಂಬ ಪರೀಕ್ಷೆಯ ಅಂಕಿಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ತನ್ನ ತಾಣದಿಂದ ತೆಗೆದುಹಾಕಿತು. ಪ್ರನಾಳದ ಅಂಕಿ ದೇಹದೊಳಗಿನ ಪರಿಣಾಮವನ್ನು ಹೇಳುವುದಿಲ್ಲ, ಮಾರಾಟಗಾರರು ದುರುಪಯೋಗ ಮಾಡುತ್ತಿದ್ದಾರೆ ಎಂದು ಕಾರಣವನ್ನೂ ಕೊಟ್ಟಿತು.

ಕ್ವೆರ್ಸೆಟಿನ್ ಲೆಕ್ಕವನ್ನೇ ನೋಡಿ. ಪ್ರಯೋಗಾಲಯದಲ್ಲಿ ಬೆಳೆಸುವ ಎಂಸಿಎಫ್-7, ಎಚ್‌ಟಿ-29ರಂಥ ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗ ಮಾಡುವವರು 10ರಿಂದ 100 ಮೈಕ್ರೊಮೋಲಾರ್ (ಸಾಂದ್ರತೆಯ ಅಳತೆ) ಸುರಿಯುತ್ತಾರೆ. ಉಳ್ಳಾಗಡ್ಡಿ ಊಟದ ನಂತರ ರಕ್ತದಲ್ಲಿ ಸಾಮಾನ್ಯವಾಗಿ 1 ಮೈಕ್ರೊಮೋಲಾರೂ ಸಿಗುವುದಿಲ್ಲ. ಸಿಕ್ಕಿದ್ದೂ ಗ್ಲುಕುರೊನೈಡ್, ಸಲ್ಫೇಟ್ ಅಂಟಿಸಿಕೊಂಡ ಬೇರೆಯೇ ರೂಪದಲ್ಲಿ.

ತೋಟಗಾರ_ಬಾಗಲಕೋಟೆ

“ರಕ್ತದಲ್ಲಿ” ಅಂದಿರಿ. ದೊಡ್ಡ ಕರುಳಿನ ಒಳಗೋಡೆಯ ಕೋಶಕ್ಕೆ ರಕ್ತದಿಂದಲೇ ಬರಬೇಕೆಂದೇನಿಲ್ಲ. ಹೀರದೆ ಉಳಿದದ್ದು ನೇರವಾಗಿ ಅಲ್ಲಿಗೇ ಹೋಗುತ್ತದೆ. ಹೀರುವ ಮಾತಿಗೂ ಉತ್ತರವಿದೆ: 1995ರಲ್ಲಿ ನೆದರ್‌ಲ್ಯಾಂಡ್ಸ್‌ನ ಹೊಲ್ಮನ್ ತಂಡ ಅಳೆದಾಗ ಉಳ್ಳಾಗಡ್ಡಿಯಲ್ಲಿರುವ ಸಕ್ಕರೆ ಅಂಟಿದ ಕ್ವೆರ್ಸೆಟಿನ್ ಶೇ 52, ಶುದ್ಧ ಕ್ವೆರ್ಸೆಟಿನ್ ಶೇ 24, ರೂಟಿನ್ ಎಂಬ ಅದರ ಇನ್ನೊಂದು ರೂಪ ಶೇ 17 ಹೀರಿಕೆಯಾಗಿತ್ತು. ಮಾತ್ರೆಗಿಂತ ಉಳ್ಳಾಗಡ್ಡಿಯೇ ಮೇಲು ಎಂದಾಯಿತಲ್ಲ.

ಪಥ್ಯ_ಗೋಕಾಕ್

“ಮಾತ್ರೆಗಿಂತ” ಎಂಬ ಮಾತು ಬಂತು, ಅದನ್ನೇ ಹಿಡಿಯುತ್ತೇನೆ, ಏಕೆಂದರೆ ಅಪಾಯ ಇರುವುದು ಅಲ್ಲಿ. ಫಿನ್ಲೆಂಡಿನಲ್ಲಿ 29,133 ಗಂಡಸು ಧೂಮಪಾನಿಗಳ ಪ್ರಯೋಗದಲ್ಲಿ ಅರ್ಧ ಜನರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಕೊಟ್ಟರು. 1994ರ ಫಲಿತಾಂಶ: ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು. ಅಮೆರಿಕದ ಕ್ಯಾರೆಟ್ (CARET, ಗಜ್ಜರಿ ಅಲ್ಲ) ಎಂಬ ಪ್ರಯೋಗದಲ್ಲಿ 30 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಜೊತೆಗೆ ವಿಟಮಿನ್ ಎ. ಶೇ 28 ಹೆಚ್ಚಳ ಕಂಡು 1996ರಲ್ಲಿ 21 ತಿಂಗಳು ಮೊದಲೇ ನಿಲ್ಲಿಸಿದರು. 35 ಸಾವಿರ ಗಂಡಸರ ಸೆಲೆಕ್ಟ್ ಪ್ರಯೋಗದಲ್ಲಿ ವಿಟಮಿನ್ ಇ 400 ಯೂನಿಟ್; ಪ್ರಾಸ್ಟೇಟ್ ಕ್ಯಾನ್ಸರ್ ಶೇ 17 ಹೆಚ್ಚು ಎಂದು 2011ರಲ್ಲಿ ಗೊತ್ತಾಯಿತು.

ತರಕಾರಿಯ ವಿಷಯಕ್ಕೆ ಬಂದರೆ ಯುರೋಪಿನ ಎಪಿಕ್ ಅಧ್ಯಯನ, 2010: ಹಣ್ಣು ತರಕಾರಿ ದಿನಕ್ಕೆ 200 ಗ್ರಾಂ ಹೆಚ್ಚಾದರೆ ಒಟ್ಟು ಕ್ಯಾನ್ಸರ್ ಅಪಾಯ ಶೇ 3-4 ಕಡಿಮೆ. ಅಷ್ಟೇ. ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ಬ್ರೊಕೊಲಿ ರೇಟು ಕೇಳುವವರು ಮೊದಲು ಇದನ್ನು ಓದಲಿ. ಅಡಿಕೆಯನ್ನಷ್ಟೇ ತೆಗೆದುಕೊಂಡರೂ, ತಂಬಾಕು ಇಲ್ಲದಿದ್ದರೂ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಮೊದಲ ಗುಂಪಿನಲ್ಲಿದೆ, ಅಂದರೆ ಖಚಿತ ಕ್ಯಾನ್ಸರ್‌ಕಾರಕ.

ತೋಟಗಾರ_ಬಾಗಲಕೋಟೆ

ಶೇ 4 ಅಂದರೆ ಕಡಿಮೆಯೇ? ಲಕ್ಷ ಜನರ ಊರಿಗೆ ಲೆಕ್ಕ ಹಾಕಿ ನೋಡಿ. ಇನ್ನು ಮಾತ್ರೆಗಳದ್ದೇ ಆದರೂ ಚೀನಾದ ಲಿನ್‌ಶಿಯಾನ್ ಪ್ರಯೋಗವನ್ನು ಯಾಕೆ ಬಿಟ್ಟಿರಿ? 29,584 ಜನ, ಬೀಟಾ ಕ್ಯಾರೋಟಿನ್, ವಿಟಮಿನ್ ಇ, ಸೆಲೆನಿಯಂ. 1993ರಲ್ಲಿ ಕ್ಯಾನ್ಸರ್ ಸಾವು ಶೇ 13 ಕಡಿಮೆ.

ಪಥ್ಯ_ಗೋಕಾಕ್

ಅಲ್ಲಿಯವರಿಗೆ ಆ ಪೋಷಕಾಂಶಗಳ ಕೊರತೆ ಇತ್ತು. ಕೊರತೆ ತುಂಬುವುದು ಬೇರೆ, ತುಂಬಿದ ಮೇಲೆ ಸುರಿಯುವುದು ಬೇರೆ.

ಒಲಿಮುಂದ

ಇಷ್ಟೆಲ್ಲಾ ಫಿನ್ಲೆಂಡು, ಚೀನಾ ಯಾಕ್ರಿ? ಮ್ಯಾಲ ಅವರು ಮೈರೋಸಿನೇಸ್ ಅಂತ ಬರದಾರ. ಬೆಂದ ಬ್ರೊಕೊಲಿಗೆ ಸಾಸಿವಿ ಪುಡಿ ಹಾಕಿದ್ರ ಆ ಸಲ್ಫೊರಾಫೇನ್ ನಾಕು ಪಟ್ಟು ಹೆಚ್ಚು ಸಿಗ್ತೈತಿ ಅಂತ ಇಂಗ್ಲೆಂಡಿನ ರೆಡಿಂಗ್ ಯೂನಿವರ್ಸಿಟಿಯವರು 2018ರಾಗ ಹೇಳ್ಯಾರ. ನಮ್ಮ ಕಡೆ ಕ್ಯಾಬೀಜ್ ಪಲ್ಯಾ, ಹೂಕೋಸು, ಏನೇ ಇರಲಿ, ಸಾಸಿವಿ ಒಗ್ಗರಣಿ ಇಲ್ಲದ ಒಲಿ ಇಳಿಸೂದಿಲ್ಲ. ಅವರು ಈಗ ಕಂಡುಹಿಡದದ್ದನ್ನ ನಮ್ಮವರು ದಿನಾ ಮಾಡ್ತಾರ.

ಪಿಪೆಟ್_ವಿಜಯಪುರ

ಪುಡಿಗೂ ಒಗ್ಗರಣೆಗೂ ಆಕಾಶ ಭೂಮಿ ಅಂತರ. ಅವರು ಬೆಂದ 200 ಗ್ರಾಂ ಬ್ರೊಕೊಲಿಗೆ 1 ಗ್ರಾಂ ಹಸಿ ಕಂದು ಸಾಸಿವೆಯ ಪುಡಿ ಬೆರೆಸಿದ್ದು. ಒಗ್ಗರಣೆಯ ಎಣ್ಣೆ 160 ಡಿಗ್ರಿ ದಾಟಿರುತ್ತದೆ. ಸಾಸಿವೆ ಚಟಪಟ ಸಿಡಿಯುವುದೇ ಕಾಳಿನೊಳಗಿನ ನೀರು ಆವಿಯಾಗಿ. ಅಷ್ಟು ಬಿಸಿಗೆ ಯಾವ ಕಿಣ್ವ ಬದುಕುತ್ತದೆ? ಬ್ರೊಕೊಲಿಯ ಮೈರೋಸಿನೇಸ್ 70 ಡಿಗ್ರಿಯ ಆಸುಪಾಸಿನಲ್ಲಿ ಹತ್ತು ನಿಮಿಷಕ್ಕೇ ಮುಗಿಯುತ್ತದೆ. ಸಾಸಿವೆಯದು ಅದಕ್ಕಿಂತ ಗಟ್ಟಿ, ಆದರೆ ಕಾದ ಎಣ್ಣೆಗಲ್ಲ.

ಒಲಿಮುಂದ

“ಅದಕ್ಕಿಂತ ಗಟ್ಟಿ” ಅಂತ ನೀವ ಒಪ್ಪಿದ್ರಿ. ಎಣ್ಣಿ ಒಳಗ ಸಾಸಿವಿ ಇರೂದು ಎಷ್ಟು ಹೊತ್ತು? ಹತ್ತು ಹದಿನೈದು ಸೆಕೆಂಡು. ಹತ್ತು ನಿಮಿಷದ ಲೆಕ್ಕಾ ತಂದು ಹತ್ತು ಸೆಕೆಂಡಿಗೆ ಹಚ್ಚೂದು ಯಾವ ರಸಾಯನಶಾಸ್ತ್ರರಿ?

ಪಿಪೆಟ್_ವಿಜಯಪುರ

ಉಷ್ಣಾಂಶ ಏರಿದಂತೆ ಕಿಣ್ವ ಹಾಳಾಗುವ ವೇಗ ನೇರ ಗೆರೆಯಲ್ಲಿ ಏರುವುದಿಲ್ಲ, ಜಿಗಿಯುತ್ತದೆ. ಸಾಸಿವೆ ಕಾಳು ಮಿಲಿಮೀಟರ್ ಎರಡು ಮಿಲಿಮೀಟರ್ ಅಗಲದ್ದು. ನಡುವಿನ ತನಕ ಬಿಸಿ ಮುಟ್ಟಲು ಎಷ್ಟು ಹೊತ್ತು ಬೇಕು? ಸಿಡಿಯಿತು ಎಂದರೇ ಒಳಗಿನ ನೀರು ನೂರು ಡಿಗ್ರಿ ದಾಟಿತು ಎಂದರ್ಥ.

ವಾದ ಬೇಡ, ಮನೆಯಲ್ಲೇ ಪರೀಕ್ಷೆ ಮಾಡಿ. ಮೂರು ಬಟ್ಟಲು ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಒಂದು ಚಮಚ ಹಸಿ ಸಾಸಿವೆ ಪುಡಿ, ಎರಡು ಚಮಚ ತಣ್ಣೀರು. ಎರಡನೆಯದರಲ್ಲಿ ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಜಜ್ಜಿ, ಅಷ್ಟೇ ತಣ್ಣೀರು. ಮೂರನೆಯದರಲ್ಲಿ ಹಸಿ ಪುಡಿ, ಮೇಲೆ ಕುದಿಯುವ ನೀರು. ಮೂರನ್ನೂ ಹತ್ತು ನಿಮಿಷ ಮುಚ್ಚಿಟ್ಟು ಮೂಸಿ ನೋಡಿ. ಮೂಗಿಗೆ ಹೊಡೆಯುವ ಘಾಟು ಅಲೈಲ್ ಐಸೊಥಯೊಸಯನೇಟಿನದು. ಮೈರೋಸಿನೇಸ್ ಕೆಲಸ ಮಾಡಿದರೆ ಮಾತ್ರ ಅದು ಹುಟ್ಟುತ್ತದೆ. ಮೊದಲ ಬಟ್ಟಲಲ್ಲಿ ಮಾತ್ರ ಘಾಟು ಇರುತ್ತದೆ. ನೀರಿಗೆ ಲಿಂಬೆ ರಸ, ವಿನೆಗರ್ ಸೇರಿಸಬೇಡಿ. ಹುಳಿ ಮೊದಲೇ ಬಿದ್ದರೆ ಕಿಣ್ವ ಕುಂಠಿತವಾಗಿ ಪರೀಕ್ಷೆ ಕೆಡುತ್ತದೆ.

ತೋಟಗಾರ_ಬಾಗಲಕೋಟೆ

ಪಿಪೆಟ್ ಅವರೇ, ಮೇಲೆ ಪ್ರನಾಳದ ಪರೀಕ್ಷೆ ದೇಹಕ್ಕೆ ಹೊಂದುವುದಿಲ್ಲ ಅಂದವರು ಈಗ ಬಟ್ಟಲಿನ ಪರೀಕ್ಷೆ ಹೇಳುತ್ತಿದ್ದೀರಿ.

ಪಿಪೆಟ್_ವಿಜಯಪುರ

ಕಿಣ್ವ ಸತ್ತಿದೆಯೋ ಬದುಕಿದೆಯೋ ಎಂಬುದು ಬಟ್ಟಲಿನ ಪ್ರಶ್ನೆಯೇ. ಕ್ಯಾನ್ಸರ್ ತಡೆಯುತ್ತದೆಯೋ ಎಂಬುದು ಬಟ್ಟಲಿನ ಪ್ರಶ್ನೆ ಅಲ್ಲ. ಇಷ್ಟು ವ್ಯತ್ಯಾಸ ತಿಳಿಯದಿದ್ದರೆ ಯಾಕೆ ಬರೆಯಬೇಕು?

ಅಂದಹಾಗೆ ಆ ರೆಡಿಂಗ್ ಪ್ರಯೋಗದಲ್ಲಿ ಇದ್ದದ್ದು 12 ಜನ. ಅಳೆದದ್ದು ಮೂತ್ರದಲ್ಲಿ ಸಲ್ಫೊರಾಫೇನಿನ ಉಳಿಕೆಯನ್ನು, ಯಾರ ಕ್ಯಾನ್ಸರನ್ನೂ ಅಲ್ಲ.

ಕೋಸು_ಬೆಳಗಾವಿ

ಎಲ್ಲಾರೂ ಕ್ಯಾಬೀಜ್ ಅಂತ ಬರೀಲಿಕ್ಕತ್ತೀರಿ, ಬ್ರೊಕೊಲಿ ಲೆಕ್ಕಾ ಹಾಕ್ಲಿಕ್ಕತ್ತೀರಿ. ನಮ್ಮ ಬೆಳಗಾವಿ ಸುತ್ತಿನ ಹೊಲದಾಗ ಬೆಳೆಯೂದು ಹೆಚ್ಚಿಗಿ ಎಲಿಕೋಸು, ಹೂಕೋಸು. ಎಲಿಕೋಸಿನ್ಯಾಗ ಮುಖ್ಯ ಇರೂದು ಸಿನಿಗ್ರಿನ್, ಗ್ಲುಕೊಬ್ರಾಸಿಸಿನ್. ಗ್ಲುಕೊರಾಫಾನಿನ್ ಅನ್ನೂದು ಬಾಳ ಕಮ್ಮಿ. ಅದಕ್ಕ ಎಷ್ಟ ಸಾಸಿವಿ ಪುಡಿ ಉದುರಿಸಿದ್ರೂ ಸಲ್ಫೊರಾಫೇನ್ ಎಲ್ಲಿಂದ ಬರಬೇಕು? ಘಾಟು ಬರ್ತೈತಿ, ಅಷ್ಟ.

ಇನ್ನೊಂದು. ಈ ಘಾಟು ಗಿಡಾ ಹುಟ್ಟಿಸೂದು ನಿಮ್ಮ ಕ್ಯಾನ್ಸರಿಗಲ್ಲ, ಹುಳಕ್ಕ. ಆದ್ರ ಡಿಬಿಎಂ, ಅಂದ್ರ ವಜ್ರಬೆನ್ನಿನ ಪತಂಗ, ಅದರ ಹುಳದ ಹೊಟ್ಟ್ಯಾಗ ಸಲ್ಫಟೇಸ್ ಅನ್ನೂ ಕಿಣ್ವ ಐತಿ. ಗ್ಲುಕೊಸಿನೊಲೇಟನ್ನ, ಅಂದ್ರ ಗ್ಲುಕೊರಾಫಾನಿನ್, ಸಿನಿಗ್ರಿನ್ ಜಾತೀದ ಮೂಲವಸ್ತುನ್ನ, ಮೈರೋಸಿನೇಸ್ ಮುಟ್ಟೂದರಾಗ ನಿಷ್ಕ್ರಿಯ ಮಾಡಿಬಿಡ್ತೈತಿ. ಮತ್ತ ಪತಂಗ ಅದೇ ವಾಸನಿ ಹಿಡಕೊಂಡು ತತ್ತಿ ಇಡಾಕ ಬರ್ತೈತಿ. ಅದಕ್ಕ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳೂದು: 25 ಸಾಲ ಎಲಿಕೋಸಿಗೆ ಜೋಡಿ ಸಾಲ ಸಾಸಿವಿ. ಒಂದು ಸಾಲ ಸಸಿ ಹಚ್ಚೂ 15 ದಿನ ಮೊದಲ, ಇನ್ನೊಂದು ಹಚ್ಚಿದ 25 ದಿನಕ್ಕ. ಪತಂಗ ಸಾಸಿವಿ ಮ್ಯಾಲ ಹೋಗ್ತಾವು. ಕೋಸಿಗೆ ಶೇ 4ರ ಬೇವಿನ ಬೀಜದ ಕಷಾಯ. ಎರಡನೇ ಸಾಲ ತಡಾ ಮಾಡಿದ್ರ ಮೊದಲನೇ ಸಾಸಿವಿ ಹೂ ಬಿಟ್ಟು ಬಲೀತೈತಿ, ಹುಳ ಮತ್ತ ಕೋಸಿಗೇ ಬರ್ತಾವು. ಸಾಸಿವಿ ಇರಬೇಕಾದ ಜಾಗಾ ಹೊಲ.

ಒಲಿಮುಂದ

“ಘಾಟು ಬರ್ತೈತಿ, ಅಷ್ಟ” ಅಂದ್ರ? ಆ ಘಾಟೂ ಐಸೊಥಯೊಸಯನೇಟ್ ಜಾತೀದ ಐತಿ ಅಂತ ಮ್ಯಾಲ ಪಿಪೆಟ್ ಮಾಸ್ತರ್ ಬರದಾರ. ಅದಕ್ಕೂ ಕ್ಯಾನ್ಸರ್ ಕೋಶ ಕೊಲ್ಲೂ ಶಕ್ತಿ ಲ್ಯಾಬಿನ್ಯಾಗ ಕಂಡೈತಿ. ಒಗ್ಗರಣಿ ಬ್ಯಾಡ ಅಂತೀರಿ, ಸರಿ. ಉಪ್ಪಿನಕಾಯಿಗೆ ಹಸಿ ಸಾಸಿವಿ ಪುಡಿ ಹಾಕ್ತೀವಿ, ಪಚಡಿಗೆ ಹಾಕ್ತೀವಿ. ಅದಕ್ಕೇನಂತೀರಿ?

ಪಥ್ಯ_ಗೋಕಾಕ್

ಉಪ್ಪಿನಕಾಯಿಯನ್ನು ಕ್ಯಾನ್ಸರ್ ನಿರೋಧಕ ಎನ್ನುವುದೊಂದು ಬಾಕಿ ಇತ್ತು. ಏಷ್ಯಾದ ಸಾಂಪ್ರದಾಯಿಕ ಉಪ್ಪು ತರಕಾರಿ ಅಂತರರಾಷ್ಟ್ರೀಯ ಸಂಸ್ಥೆಯ 2ಬಿ ಪಟ್ಟಿಯಲ್ಲಿದೆ, ಅಂದರೆ ಕ್ಯಾನ್ಸರ್‌ಕಾರಕ ಆಗಿರಬಹುದಾದದ್ದು.

ಒಲಿಮುಂದ

ಆ ಪಟ್ಟಿ ನೀವು ಪೂರಾ ಓದೀರೇನು? ಚೀನಾ, ಕೊರಿಯಾ, ಜಪಾನಿನ ಕಡೆ ಹುದುಗಿಸಿ ಬೂಸಲಾ ಹಿಡಿಯೂ ಥರಾ ಇಡತಾರಲ್ಲ, ಆ ತರಕಾರಿ ಅದು. ನಮ್ಮ ಮಾವಿನಕಾಯಿ ಉಪ್ಪಿನಕಾಯಿಗೆ ಎಣ್ಣಿ ಒಂದು ಬೆರಳು ಮ್ಯಾಲ ನಿಂದರಬೇಕು, ಭರಣಿ ಬಿಸಿಲಿಗೆ ಒಣಗಿಸಿರಬೇಕು, ಹಸಿ ಚಮಚ ಮುಟ್ಟಿಸಬಾರದು. ಏನೂ ತಿಳೀದ ಏಷ್ಯಾ ಅಂದ್ರ ಎಲ್ಲಾ ಒಂದ ಅಂತ ತಿಳಕೊಂಡು ಹೆದರಸಬ್ಯಾಡ್ರಿ. ದೊಡ್ಡ ದೊಡ್ಡ ಹೆಸರು ಬರದು ಊರ ಮಂದಿ ಅಡಗಿಮನಿ ಹಾಳ ಮಾಡೂದು ಇದ.

ಪಥ್ಯ_ಗೋಕಾಕ್

ಪಟ್ಟಿ ನಮ್ಮ ಉಪ್ಪಿನಕಾಯಿಯದಲ್ಲ, ಸರಿ. ಹೆಚ್ಚು ಉಪ್ಪು ಹೊಟ್ಟೆಯ ಕ್ಯಾನ್ಸರಿಗೆ ಒಳ್ಳೆಯದಲ್ಲ ಎಂಬುದಕ್ಕೆ ಯಾವ ದೇಶದ ಭರಣಿಯಾದರೂ ಒಂದೇ. ಒಂದು ಗ್ರಾಂ ಸಾಸಿವೆ ಪುಡಿಗಾಗಿ ಅಷ್ಟು ಉಪ್ಪು ತಿನ್ನುವ ಲೆಕ್ಕ ನನಗೆ ಹತ್ತುವುದಿಲ್ಲ.

ತೋಟಗಾರ_ಬಾಗಲಕೋಟೆ

ಉಪ್ಪಿನಕಾಯಿ ಬಿಡಿ. ಕೋಸು ಅವರು ಹೇಳಿದ ಗ್ಲುಕೊಬ್ರಾಸಿಸಿನ್ ಇದೆಯಲ್ಲ, ಅದರಿಂದ ಇಂಡೋಲ್-3-ಕಾರ್ಬಿನಾಲ್ ಹುಟ್ಟುತ್ತದೆ. ಹೊಟ್ಟೆಯ ಆಮ್ಲದಲ್ಲಿ ಅದು ಡಿಐಎಂ ಎಂಬ ಇನ್ನೊಂದು ಸಂಯುಕ್ತ ಆಗುತ್ತದೆ. ಈಸ್ಟ್ರೊಜೆನ್ ಚಯಾಪಚಯದ ಮೇಲೆ ಅದರ ಪರಿಣಾಮದ ಬಗ್ಗೆ ಸಾಕಷ್ಟು ಕೆಲಸವಾಗಿದೆ. ಅಂದಮೇಲೆ ಎಲೆಕೋಸಿನಲ್ಲಿ ಏನೂ ಇಲ್ಲ ಎನ್ನುವುದು ತಪ್ಪು.

ಪಿಪೆಟ್_ವಿಜಯಪುರ

ಇಂಡೋಲ್-3-ಕಾರ್ಬಿನಾಲ್ ತಂದಿರಿ, ಒಳ್ಳೆಯದಾಯಿತು. ಟ್ರೌಟ್ ಮೀನಿನ ಪ್ರಯೋಗವನ್ನೂ ತರಬೇಕಿತ್ತು. ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಕೊಡುವ ಮೊದಲು ಇಂಡೋಲ್ ತಿನ್ನಿಸಿದರೆ ಯಕೃತ್ತಿನ ಗಡ್ಡೆ ಕಡಿಮೆ. ಅಫ್ಲಾಟಾಕ್ಸಿನ್ ಕೊಟ್ಟ ಮೇಲೆ ತಿನ್ನಿಸುತ್ತ ಹೋದರೆ ಗಡ್ಡೆ ಹೆಚ್ಚು. ಒಂದೇ ವಸ್ತು, ಸಮಯ ಬೇರೆ. ಶೇಂಗಾ ಚಟ್ನಿ ದಿನಾ ತಿನ್ನುವ ನಮ್ಮ ನಾಡಿನಲ್ಲಿ ಅಫ್ಲಾಟಾಕ್ಸಿನ್ ಮೊದಲೋ ಆಮೇಲೋ ಎಂದು ಯಾರು ದಿನಾಂಕ ಬರೆದಿಟ್ಟಿರುತ್ತಾರೆ? ಹುಳುಕು, ಮುರುಟಿದ, ಬಣ್ಣಗೆಟ್ಟ ಶೇಂಗಾ ಆರಿಸಿ ಎಸೆಯುವುದರಿಂದ ಆಗುವ ಉಪಕಾರ ನಿಮ್ಮ ಡಿಐಎಂ ಮಾತ್ರೆಯಿಂದ ಆಗದು.

ಸಲ್ಫೊರಾಫೇನ್ ಕೂಡ ತಾನೇ ಆಂಟಿಆಕ್ಸಿಡೆಂಟ್ ಅಲ್ಲ. ಕೀಪ್1 ಎಂಬ ಪ್ರೊಟೀನಿಗೆ ಅಂಟಿ, ಎನ್‌ಆರ್‌ಎಫ್2 ಎಂಬ ಇನ್ನೊಂದು ಪ್ರೊಟೀನನ್ನು ಬಿಡುಗಡೆ ಮಾಡುತ್ತದೆ. ಆಗ ಕೋಶವೇ ತನ್ನ ರಕ್ಷಣಾ ಕಿಣ್ವಗಳನ್ನು ಹೆಚ್ಚು ತಯಾರಿಸುತ್ತದೆ. ಶ್ವಾಸಕೋಶದ ಎಷ್ಟೋ ಗಡ್ಡೆಗಳಲ್ಲಿ ಇದೇ ಎನ್‌ಆರ್‌ಎಫ್2 ಸದಾ ಚಾಲೂ ಇರುತ್ತದೆ, ಗಡ್ಡೆಯನ್ನೇ ಕಾಪಾಡುತ್ತದೆ. ತಡೆಯುವುದೂ ಗುಣಪಡಿಸುವುದೂ ಒಂದೇ ಅಲ್ಲ.

ತೋಟಗಾರ_ಬಾಗಲಕೋಟೆ

ಅಫ್ಲಾಟಾಕ್ಸಿನ್ ಹೆಸರು ನೀವೇ ತೆಗೆದಿರಿ. ಅದೇ ಅಫ್ಲಾಟಾಕ್ಸಿನ್ ಕಾಟವಿದ್ದ ಚೀನಾದ ಚಿಡಾಂಗ್‌ನಲ್ಲಿ 291 ಜನರಿಗೆ 12 ವಾರ ಬ್ರೊಕೊಲಿ ಮೊಳಕೆಯ ಪಾನಕ ಕೊಟ್ಟಾಗ ಹೊಗೆಯ ಬೆಂಜೀನ್ ಮೂತ್ರದಲ್ಲಿ ಹೊರಹೋಗುವುದು ಶೇ 61 ಹೆಚ್ಚಾಯಿತು. 2014ರ ಪ್ರಕಟಣೆ. ಇದು ಮನುಷ್ಯರ ಮೇಲೆ, ಮೀನಿನ ಮೇಲಲ್ಲ.

ಪಿಪೆಟ್_ವಿಜಯಪುರ

ಮೂತ್ರದಲ್ಲಿ.

ತೋಟಗಾರ_ಬಾಗಲಕೋಟೆ

ಹೌದು, ಮೂತ್ರದಲ್ಲಿ. ಬೆಂಜೀನ್ ಒಳಗೇ ಇರಲಿ ಎನ್ನುತ್ತೀರಾ?

ಸುಮ್ನ_ಓದಾಂವ

ಒಂದ ಪ್ರಶ್ನಿ. ಬ್ರೊಕೊಲಿ ಮೊಳಕಿ ಮನ್ಯಾಗ ಮಾಡಬಹುದೇನು? ಬೀಜದ ಅಂಗಡ್ಯಾಗ ಸಿಗೂ ಪಾಕೀಟು ನಡೀತದೇನು? ಮತ್ತ ಕೀಮೋ ನಡದವರಿಗೆ ಕೊಡಬಹುದೋ?

ಕೋಸು_ಬೆಳಗಾವಿ

ಬಿತ್ತೂ ಬೀಜದ ಪಾಕೀಟು ಮುಟ್ಟಬ್ಯಾಡ್ರಿ. ಅದಕ್ಕ ಥೈರಾಂನಂಥ ಶಿಲೀಂಧ್ರನಾಶಕ ಹಚ್ಚಿರ್ತಾರ. ಗುಲಾಬಿ, ನೀಲಿ, ಹಸಿರು ಬಣ್ಣ ಕಾಣ್ತೈತಿ. ತಿನ್ನಾಕ ಅಲ್ಲ ಅಂತ ಪಾಕೀಟಿನ ಮ್ಯಾಲ ಬರದಿರ್ತಾರ. ತೊಳದ್ರ ಹೋಗ್ತೈತಿ ಅನ್ನೂದು ಸುಳ್ಳು. ಮೊಳಕಿಗಂತ ಮಾರೂ, ಔಷಧಿ ಹಚ್ಚದ ಬೀಜಾನ ಬೇಕು.

ಎರಡು ದೊಡ್ಡ ಚಮಚ ಬೀಜ, 8 ತಾಸು ನೆನಿಸ್ರಿ. ಬಾಯಿ ಅಗಲದ ಬಾಟಲಿ, ಬಾಯಿಗೆ ತೆಳು ಬಟ್ಟಿ. ನೀರು ಬಸದು ಓರಿ ಇಡ್ರಿ, ದಿನಕ್ಕ ಮೂರು ಸಲ ಕುಡಿಯೂ ನೀರಿನಿಂದ ತೊಳೀರಿ. ಮೂರರಿಂದ ಐದು ದಿನಕ್ಕ ತಯಾರ. ನೀರು ತಳದಾಗ ನಿಂತ್ರ ಕೊಳೀತಾವು, ಲೋಳಿ ಬರ್ತೈತಿ. ವಿಜಯಪುರದ ಏಪ್ರಿಲ್-ಮೇ ಬಿಸಲಾಗ ಕೈಹಾಕಬ್ಯಾಡ್ರಿ; ನವೆಂಬರದಿಂದ ಜನವರಿ ಸರಿ ಕಾಲ. ಬೇರಿನ ಬುಡಕ ಬಿಳಿ ನೂಲು ಕಂಡ್ರ ಎಲ್ಲಾ ಬೂಸ್ಟು ಅಲ್ಲ, ಬೇರಿನ ರೋಮನೂ ಹಂಗ ಕಾಣ್ತಾವು. ತೊಳದಾಗ ಅಡಗಿದ್ರ ರೋಮ. ಅಡಗದಿದ್ರ, ವಾಸನಿ ಬಂದ್ರ ಎಸೀರಿ.

ಪಥ್ಯ_ಗೋಕಾಕ್

ಕೀಮೋ ನಡೆಯುತ್ತಿರುವವರಿಗೆ ಹಸಿ ಮೊಳಕೆ ಬೇಡವೇ ಬೇಡ. ಬಿಳಿ ರಕ್ತಕಣ ಇಳಿದಿರುತ್ತವೆ. ಮೊಳಕೆ ಬೆಳೆಯುವ ತೇವ ಮತ್ತು ಬೆಚ್ಚಗೆ ಸಾಲ್ಮೊನೆಲ್ಲಾ, ಇ-ಕೋಲೈಗೂ ಅಷ್ಟೇ ಹಿತ. ಅವರಿಗೆ ತರಕಾರಿ ಪೂರ್ತಿ ಬೇಯಿಸಿ ಕೊಡಿ.

ಆಂಟಿಆಕ್ಸಿಡೆಂಟ್ ಮಾತ್ರೆಯನ್ನು ಚಿಕಿತ್ಸೆ ಮಾಡುವ ವೈದ್ಯರಿಗೆ ಹೇಳದೆ ಕೊಡಬೇಡಿ. 2005ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗದಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿಗೆ ರೇಡಿಯೇಶನ್ ಪಡೆದ 540 ಜನರಿದ್ದರು; ವಿಟಮಿನ್ ಇ ಮತ್ತು ಬೀಟಾ ಕ್ಯಾರೋಟಿನ್ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಎರಡನೇ ಕ್ಯಾನ್ಸರ್ ಹೆಚ್ಚು ಕಂಡಿತು. ಬಾಯಿಯ ಕ್ಯಾನ್ಸರ್ ಇಷ್ಟೊಂದಿರುವ ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರಬೇಕು. ವಾರ್ಫರಿನ್ ನುಂಗುವವರು ಮೆಂತ್ಯ, ರಾಜಗಿರಿ, ಪಾಲಕ್ ಒಮ್ಮೆಲೇ ಹೆಚ್ಚಿಸಬಾರದು, ಒಮ್ಮೆಲೇ ಬಿಡಲೂಬಾರದು; ವಿಟಮಿನ್ ಕೆ ಏರಿಳಿದರೆ ರಕ್ತ ತೆಳುವಾಗಿಸುವ ಲೆಕ್ಕ ತಪ್ಪುತ್ತದೆ.

ಒಲಿಮುಂದ

“ಪೂರ್ತಿ ಬೇಯಿಸಿ ಕೊಡಿ” ಅಂತ ಇವರು ಅಂತಾರ, ಬೇಯಿಸಿದ್ರ ಕಿಣ್ವ ಸಾಯ್ತೈತಿ ಅಂತ ಅವರು ಅಂತಾರ. ಮೊದಲ ನೀವು ನೀವು ಕೂತು ತೀರ್ಮಾನ ಮಾಡ್ರಿ.

ಪಥ್ಯ_ಗೋಕಾಕ್

ರೋಗಿಗೆ ಹೇಳಿದ್ದನ್ನು ಎಲ್ಲರಿಗೂ ಹೇಳಿದೆ ಎಂದು ತಿರುಚಬೇಡಿ.

ಪಿಪೆಟ್_ವಿಜಯಪುರ

ಬೇಯಿಸಿದರೆ ಕಿಣ್ವ ಸಾಯುತ್ತದೆ, ಅದರಲ್ಲಿ ಗೊಂದಲವೇ ಇಲ್ಲ. 2008ರಲ್ಲಿ ಡಚ್ ತಂಡವೊಂದು 200 ಗ್ರಾಂ ಬ್ರೊಕೊಲಿ ತಿನ್ನಿಸಿ ಅಳೆಯಿತು: ಹಸಿಯದರಿಂದ ಸಲ್ಫೊರಾಫೇನ್ ಶೇ 37 ದೇಹಕ್ಕೆ ಸಿಕ್ಕಿತು, ಬೆಂದದ್ದರಿಂದ ಶೇ 3.4. ಆ ಶೇ 3.4 ಕೂಡ ಕರುಳಿನ ಬ್ಯಾಕ್ಟೀರಿಯಾಗಳ ಕೃಪೆ.

ಬೇಯಿಸಲೇಬೇಕೆಂದರೆ ದಾರಿ ಇದೆ. ಸಣ್ಣಗೆ ಹೆಚ್ಚಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬಿಡಿ. ಸಂಯುಕ್ತ ಆಗಲೇ ಹುಟ್ಟಿಬಿಟ್ಟಿರುತ್ತದೆ, ಕಿಣ್ವ ಸತ್ತರೂ ನಷ್ಟ ಕಡಿಮೆ. ಅಥವಾ ಹಬೆಯಲ್ಲಿ ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ಬಣ್ಣ ಹೊಳೆಯುವ ಹಸಿರಾಗಿದ್ದಾಗಲೇ ಇಳಿಸಿ. ನೀರಲ್ಲಿ ಕುದಿಸಿ ಬಸಿದರೆ ಗ್ಲುಕೊಸಿನೊಲೇಟ್ ನೀರಿನ ಪಾಲು. ಇನ್ನೊಂದು ಸೂಕ್ಷ್ಮ: ಇಎಸ್‌ಪಿ ಎಂಬ ಪ್ರೊಟೀನ್ ಸಲ್ಫೊರಾಫೇನ್ ಬದಲು ಕೆಲಸಕ್ಕೆ ಬಾರದ ನೈಟ್ರೈಲ್ ಹುಟ್ಟಿಸುತ್ತದೆ. 60 ಡಿಗ್ರಿಗೆ ಐದು ಹತ್ತು ನಿಮಿಷದಲ್ಲಿ ಅದು ಸಾಯುತ್ತದೆ, ಮೈರೋಸಿನೇಸ್ ಉಳಿಯುತ್ತದೆ. ಪೂರ್ತಿ ಹಸಿಗಿಂತ ಸ್ವಲ್ಪ ಬಿಸಿ ಕಂಡದ್ದು ಮೇಲು.

ಒಲಿಮುಂದ

ಹಂಗಂದ್ರ ಸ್ವಲ್ಪ ಬಿಸಿ ಮೇಲು! ಒಗ್ಗರಣಿ ಹಾಕಿದ ಪಲ್ಯಾ ಎಷ್ಟ ಬಿಸಿ ಇರ್ತೈತಿ ನೋಡ್ರಿ.

ಪಿಪೆಟ್_ವಿಜಯಪುರ

ನಾನು 60 ಅಂದೆ. 160 ಅಲ್ಲ.

ಕೋಸು_ಬೆಳಗಾವಿ

ಎರಡ ದಿನದಿಂದ ಸಾಸಿವಿ ಸಾಸಿವಿ. ರೊಟ್ಟಿ ತಾಟಿನ್ಯಾಗ ಹಸಿ ಮೂಲಂಗಿ ಇರ್ತೈತಲ್ರಿ? ಅದರಾಗ ಜೀವಂತ ಮೈರೋಸಿನೇಸ್ ಐತಿ, ಎಣ್ಣಿ ಬ್ಯಾಡ, ಪುಡಿ ಬ್ಯಾಡ, ಉಪ್ಪಿನಕಾಯಿನೂ ಬ್ಯಾಡ. ಬೆಂದ ಬ್ರೊಕೊಲಿ ಜೊತಿ ನಾಕು ತುಂಡು ಹಸಿ ಮೂಲಂಗಿ ಕಡಕೊಂಡ್ರ ಮುಗೀತು. ಮೂಲಂಗಿ ತಪ್ಪಲಾನೂ ಎಸೀಬ್ಯಾಡ್ರಿ.

ಗ್ಲುಕೊಸಿನೊಲೇಟ್ ಹೆಚ್ಚಾಗಬೇಕಂದ್ರ ಹೊಲದಾಗ ಗಂಧಕ ಇರಬೇಕು. ಬರೇ ಯೂರಿಯಾ ಸುರದ್ರ ಗಡ್ಡಿ ದೊಡ್ಡದಾಗ್ತೈತಿ, ಎಲಿ ಮೆತ್ತಗಾಗ್ತಾವು, ಹುಳ ಹೆಚ್ಚು, ಒಗರು ಕಮ್ಮಿ. ಮಣ್ಣು ಪರೀಕ್ಷಾದಾಗ ಗಂಧಕ ಕಮ್ಮಿ ಬಂದ್ರ ಕೊನೀ ಹರಗುವಾಗ ಜಿಪ್ಸಂ ಹಾಕ್ರಿ. ಪ್ಯಾಟಿಯವರು ದೊಡ್ಡದು, ಬೆಳ್ಳಗಿದ್ದದ್ದು ಕೇಳ್ತಾರ, ಆಮ್ಯಾಲ ಅದರಾಗ ಔಷಧಿ ಗುಣ ಹುಡುಕ್ತಾರ.

ತೋಟಗಾರ_ಬಾಗಲಕೋಟೆ

ಬಳ್ಳೊಳ್ಳಿಯ ಬಗ್ಗೆ ಯಾರೂ ಉತ್ತರಿಸಲಿಲ್ಲ ಎಂಬುದನ್ನು ಗಮನಿಸಿ. ಚೀನಾದ ಶಾಂಡಾಂಗ್ ಪ್ರಯೋಗ, ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ 2019: 22 ವರ್ಷದ ಹಿಂಬಾಲಿಕೆ, ಬಳ್ಳೊಳ್ಳಿ ಸಾರ ಪಡೆದವರಲ್ಲಿ ಹೊಟ್ಟೆ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆ.

ಪಿಪೆಟ್_ವಿಜಯಪುರ

ಅದೇ ಪ್ರಯೋಗದ 2006ರ ವರದಿ: 7.3 ವರ್ಷ ಬಳ್ಳೊಳ್ಳಿ ಕೊಟ್ಟರೂ ಹೊಟ್ಟೆಯ ಕ್ಯಾನ್ಸರ್‌ಪೂರ್ವ ಗಾಯಗಳು ಕಡಿಮೆಯಾಗಲಿಲ್ಲ. ಕಡಿಮೆ ಮಾಡಿದ್ದು ಹೊಟ್ಟೆಯ ಹೆಲಿಕೊಬ್ಯಾಕ್ಟರ್ ಬ್ಯಾಕ್ಟೀರಿಯಾಕ್ಕೆ ಕೊಟ್ಟ ಎರಡು ವಾರದ ಚಿಕಿತ್ಸೆ.

ತೋಟಗಾರ_ಬಾಗಲಕೋಟೆ

2006 ಮೊದಲೋ 2019 ಮೊದಲೋ?

ಪಿಪೆಟ್_ವಿಜಯಪುರ

2019ರಲ್ಲೂ ರೋಗ ಬರುವುದು ಕಡಿಮೆಯಾಯಿತು ಎಂಬುದು ಸಂಖ್ಯಾಶಾಸ್ತ್ರದ ಪ್ರಕಾರ ದೃಢಪಡಲಿಲ್ಲ. ಆ ಸಾಲನ್ನು ನೀವು ಬಿಟ್ಟಿರಿ.

ಪಥ್ಯ_ಗೋಕಾಕ್

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ, ಬಟಾಟೆ ಬಿಟ್ಟು. ಇಲ್ಲಿ ಜಗಳಾಡುತ್ತಿರುವವರ ತಾಟಿನಲ್ಲಿ ಅಷ್ಟು ಇದೆಯೇ ಎಂಬುದೇ ನನ್ನ ಅನುಮಾನ. ಒಂದು ಬಟ್ಟಲು ಪಲ್ಯ ಅಂದರೆ ನೂರು ಗ್ರಾಂ ಆಸುಪಾಸು, ಅದರಲ್ಲಿ ಅರ್ಧ ಬಟಾಟೆ.

ಒಲಿಮುಂದ

ತಾಟಿನ ಮಾತು ಆಮ್ಯಾಲ. ಮಾಸ್ತರ, ನೀವು ಹೇಳಿದ ಮೂರು ಬಟ್ಟಲಾ ಇಟ್ಟಾತು. ಮೊದಲನೇದು ಮೂಗಿಗೆ ಏರತೈತಿ, ಖರೆ. ಮೂರನೇದು ಸಪ್ಪಗ. ಎರಡನೇದಕ್ಕ, ಒಗ್ಗರಣಿದಕ್ಕ, ಸಣ್ಣ ಘಾಟು ಐತಿ. ಈಗ ಹೇಳ್ರಿ.

ಪಿಪೆಟ್_ವಿಜಯಪುರ

ಸಿಡಿದ ಕಾಳುಗಳನ್ನು ಮಾತ್ರ ಆರಿಸಿ ಜಜ್ಜಿದಿರಾ? ಎಣ್ಣೆಯ ಅಂಚಿನಲ್ಲಿ, ಸೌಟಿಗೆ ಹತ್ತಿಕೊಂಡು ಸಿಡಿಯದೆ ಉಳಿದ ಕಾಳು ಸೇರಿದ್ದರೆ ಪರೀಕ್ಷೆ ಲೆಕ್ಕಕ್ಕಿಲ್ಲ. ಜಜ್ಜಿದ ಕಲ್ಲಿಗೆ ಮೊದಲಿನ ಹಸಿ ಪುಡಿ ಅಂಟಿದ್ದರೂ ಅಷ್ಟೇ. ಕಲ್ಲು ತೊಳೆದು, ಆರಿಸಿ, ಮತ್ತೆ ಮಾಡಿ.

ಒಲಿಮುಂದ

ಕಲ್ಲು ತೊಳದದ್ದ ಐತಿ. ಸಿಡೀದ ಕಾಳು ಆರಿಸಿ ತಗದು ಪಲ್ಯಾಕ್ಕ ಒಗ್ಗರಣಿ ಹಾಕೂ ಮನಿ ವಿಜಯಪುರದಾಗ ಎಲ್ಲಿ ಐತ್ರಿ?